ಟೇಲರಕ್ಕನ ಉಬ್ಬಸ ಮತ್ತು ಬೇಜಾರು: ಒಂದು ಪ್ರಕರಣ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರದ ಒಂದು ಓಣಿ. ಅಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವ 44 ವರ್ಷದ ಹೆಣ್ಣುಮಗಳು. ಓಣಿಯವರೆಲ್ಲ ಟೇಲರಕ್ಕ ಅಂತಾರೆ, ಇಲ್ಲೂ ಹಾಗೇ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ.

ಇಪ್ಪತ್ತೈದರ ಆಸುಪಾಸಿನಿಂದ ಉಬ್ಬಸ. ಚಳಿಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ಸಂಜೆ ಭಟ್ಟಿಯ ಹೊಗೆ ಕೆಳಗಿಳಿದರೆ ಕೆಮ್ಮು. ಇಷ್ಟು ವರ್ಷ ಹಾಗೋ ಹೀಗೋ ನಡೆದಿತ್ತು. ಆದರೆ ಕಳೆದ ಒಂದು ವರ್ಷದಲ್ಲಿ ನಾಲ್ಕು ಸಲ ರಾತ್ರೋರಾತ್ರಿ ಎಮರ್ಜೆನ್ಸಿಗೆ ಹೋಗಿ ನೆಬುಲೈಸರ್ ಹಾಕಿಸಿಕೊಂಡಿದ್ದಾರೆ. ಪ್ರತಿ ಸಲವೂ ಐದು ದಿನದ ಸ್ಟೀರಾಯ್ಡ್ ಮಾತ್ರೆ ಬರೆದು ಕಳಿಸಿದ್ದಾರೆ. ಐದನೇ ಸಲ ಆಗುವ ಮೊದಲು ನನ್ನ ಬಳಿ ಬಂದರು.

ಮೊದಲು ಮಾತಾಡಿದ್ದು ಗಂಡ. "ಇವಳಿಗೆ ಟೆನ್ಷನ್ ಜಾಸ್ತಿ ರೀ ಡಾಕ್ಟ್ರೇ, ಅದಕ್ಕೇ ದಮ್ಮು ಬರೋದು."

ಈ ಮಾತು ಅರ್ಧ ನಿಜ. ಆ ಅರ್ಧ ನಿಜವೇ ಈ ಮನೆಯಲ್ಲಿ ಒಂದು ವರ್ಷದಿಂದ ಕೆಲಸ ಕೆಡಿಸಿತ್ತು. ದಮ್ಮು ಬರುವುದು ಟೆನ್ಷನ್‌ನಿಂದ ಅಂದಮೇಲೆ ಇನ್ಹೇಲರ್ ಯಾಕೆ ಬೇಕು? ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕಲ್ವಾ? ಇನ್ನೊಂದು ಕಡೆ, ಉಬ್ಬಸ ಇದ್ದವರಿಗೆ ಬೇಜಾರು ಇರೋದು ಸಹಜ ಅಂದುಕೊಂಡರೆ ಬೇಜಾರಿಗೆ ಔಷಧಿ ಯಾಕೆ? ಹೀಗೆ ಒಂದನ್ನು ಇನ್ನೊಂದರ ಲೆಕ್ಕಕ್ಕೆ ಬರೆದು, ಎರಡಕ್ಕೂ ಚಿಕಿತ್ಸೆ ಇಲ್ಲದೆ ಬಿಟ್ಟಿದ್ದರು.

ವೈರ್ ಬ್ಯಾಗಿನಲ್ಲಿ ಇದ್ದದ್ದು

ಉಬ್ಬಸದವರು ಬಂದಾಗ ಮನೆಯಲ್ಲಿರುವ ಔಷಧಿಯೆಲ್ಲ ತರಲು ಹೇಳುವುದು ನನ್ನ ಪದ್ಧತಿ, ಖಾಲಿ ಡಬ್ಬಿಯೂ ಸೇರಿ. ಟೇಲರಕ್ಕ ವೈರ್ ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದರು. ಸಾಲ್ಬುಟಮಾಲ್‌ನ ನೀಲಿ ಇನ್ಹೇಲರ್ ಆರು. ಐದು ಖಾಲಿ, ಆರನೆಯದು ಅರ್ಧ. ಮೆಡಿಕಲ್ ಶಾಪಿನ ಬಿಲ್ಲು ನೋಡಿದರೆ ಇವೆಲ್ಲ ನಾಲ್ಕು ತಿಂಗಳೊಳಗೆ ಕೊಂಡದ್ದು. ಒಂದೊಂದರಲ್ಲಿ 200 ಪಫ್. ಅಂದರೆ ದಿನಕ್ಕೆ ಸರಾಸರಿ ಒಂಬತ್ತು ಪಫ್.

ಏಳನೆಯದು ಬೇರೆ ಬಣ್ಣದ್ದು. ದಿನಾ ಎಳೆದುಕೊಳ್ಳಬೇಕಾದ, ಶ್ವಾಸನಾಳದ ಊತ ಇಳಿಸುವ ಇನ್ಹೇಲರ್. ಅದರ ಬೆನ್ನಲ್ಲಿ ಎಷ್ಟು ಪಫ್ ಉಳಿದಿದೆ ಎಂದು ತೋರಿಸುವ ಸಣ್ಣ ಕಿಟಕಿ ಇರುತ್ತದೆ. ಅದರಲ್ಲಿ 97 ಅಂತಿತ್ತು. ಹೊಸದರಲ್ಲಿ 120. ಬೆಳಗ್ಗೆ ಎರಡು, ರಾತ್ರಿ ಎರಡು ಎಳೆದುಕೊಂಡಿದ್ದರೆ ಒಂದೇ ತಿಂಗಳಿಗೆ ಮುಗಿಯಬೇಕು. ಕೊಂಡು ಎರಡೂವರೆ ತಿಂಗಳಾಗಿತ್ತು.

ಈ ಎರಡು ಲೆಕ್ಕ ಸಿಕ್ಕರೆ ಉಬ್ಬಸದ ಅರ್ಧ ಕತೆ ಸಿಕ್ಕಂತೆ. ನೀಲಿ ಇನ್ಹೇಲರ್ ಬಿಗಿದ ಶ್ವಾಸನಾಳವನ್ನು ಒಂದಷ್ಟು ಹೊತ್ತು ಸಡಿಲ ಮಾಡುತ್ತದೆ, ಅಷ್ಟೇ. ಒಳಗಿನ ಊತ ಹಾಗೇ ಇರುತ್ತದೆ. ಹಾಯೆನಿಸುವುದು ಅದರಿಂದಲೇ ಆದ್ದರಿಂದ ಜನ ಅದನ್ನೇ ನಂಬುತ್ತಾರೆ. ವರ್ಷಕ್ಕೆ ಮೂರು ನೀಲಿ ಡಬ್ಬಿ ದಾಟಿದರೆ ಜೋರು ದಮ್ಮಿನ ಅಪಾಯ ಏರುತ್ತದೆ, ತಿಂಗಳಿಗೊಂದು ಮುಗಿದರೆ ಜೀವಕ್ಕೇ ಅಪಾಯ ಹೆಚ್ಚು. ಉಬ್ಬಸದ ಜಾಗತಿಕ ಮಾರ್ಗಸೂಚಿ 'ಜಿನಾ' 2019ರಲ್ಲೇ, ದೊಡ್ಡವರಿಗೆ ಬರೀ ನೀಲಿ ಇನ್ಹೇಲರ್ ಕೊಟ್ಟು ಬಿಡಬೇಡಿ ಎಂದಿತು. ಸಾವಿನ ಅಪಾಯ ಯಾರಿಗೆ ಜಾಸ್ತಿ ಎಂಬ ಅದರ ಪಟ್ಟಿಯಲ್ಲಿ ಇನ್ನೊಂದು ಸಾಲೂ ಇದೆ: ಮಾನಸಿಕ ಕಾಯಿಲೆ ಇದ್ದವರು. ಈ ಸಾಲನ್ನು ಓದಿ ದಾಟುವವರೇ ಹೆಚ್ಚು.

ದಿನದ ಇನ್ಹೇಲರ್ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಸಾಮಾನ್ಯವಾಗಿ ಬರುವ ಉತ್ತರ ಗೊತ್ತಿರುವುದೇ. ಅಭ್ಯಾಸ ಆಗಿಬಿಡುತ್ತೆ, ದುಡ್ಡು ಜಾಸ್ತಿ, ಮರೆತುಹೋಯಿತು. ಟೇಲರಕ್ಕ ಅದ್ಯಾವುದನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಳ್ಕೊಂಡು ಏನ್ ಮಾಡ್ಬೇಕಾಗೈತೆ ಬಿಡ್ರಿ" ಅಂದರು.

ಗಂಡನನ್ನು ಐದು ನಿಮಿಷ ಹೊರಗೆ ಕೂರಲು ಹೇಳಿದೆ.

ಎರಡು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಿದ್ದರು. ಆಮೇಲೆ ನಿದ್ದೆ ಕೆಟ್ಟಿತು. ಹಬ್ಬಕ್ಕೆ ಬಂದ ಬ್ಲೌಸ್ ಪೀಸುಗಳು ಕತ್ತರಿಸದೆ ಹಾಗೇ ಬಿದ್ದಿವೆ. ಅಳತೆ ತೆಗೆದುಕೊಂಡದ್ದು ಮರೆತುಹೋಗುತ್ತದೆ. ಮಗಳು ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತಂದಳು, ಅದಕ್ಕೂ ಖುಷಿ ಆಗಲಿಲ್ಲ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕೇಳಿದಾಗ 27ಕ್ಕೆ 17 ಬಂತು. ಹತ್ತು ದಾಟಿದರೆ ಗಂಭೀರವಾಗಿ ನೋಡಬೇಕು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದನ್ನು ಸುತ್ತಿಬಳಸದೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. "ಬೆಳಗ್ಗೆ ಏಳದಿದ್ರೆ ಸಾಕು ಅನ್ಸುತ್ತೆ, ನಾನೇ ಏನೂ ಮಾಡ್ಕೊಳ್ಳಲ್ಲ" ಅಂದರು. ಯೋಜನೆ ಇರಲಿಲ್ಲ, ಹಿಂದೆ ಪ್ರಯತ್ನವೂ ಇರಲಿಲ್ಲ. ಆದರೂ ದಿನದ ಔಷಧಿ ಬಿಟ್ಟಿರುವುದನ್ನು ಈ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ, ಅದು ಬರೀ ಮರೆವು ಅನಿಸಲಿಲ್ಲ.

ಬೆಳಗಿನ ಜಾವದ ಎಚ್ಚರ

ಉಬ್ಬಸ ಹೌದೋ ಅಲ್ಲವೋ ಎಂಬುದನ್ನೂ ಹೊಸದಾಗಿ ನೋಡಬೇಕಿತ್ತು. ಟೆನ್ಷನ್ ಎಂಬ ಹಣೆಪಟ್ಟಿ ಬಿದ್ದವರಿಗೆ ಇದು ಇನ್ನೂ ಮುಖ್ಯ. ಜೋರಾಗಿ ಊದಿಸಿ ಗಾಳಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿಗೆ ಊದಿದ ಗಾಳಿ 1.42 ಲೀಟರ್. ಔಷಧಿ ಎಳೆದುಕೊಂಡು ಊದಿದಾಗ 1.66. ಉಬ್ಬಸ ಎನ್ನಲು ನೋಡುವ ಗಡಿ ಶೇ 12 ಮತ್ತು 200 ಮಿಲಿಲೀಟರ್, ಎರಡನ್ನೂ ದಾಟಿದ ಏರಿಕೆ. ಉಬ್ಬಸ ಖಂಡಿತ ಇತ್ತು. ಉಬ್ಬಸದ ಹತೋಟಿ ಅಳೆಯುವ ಐದು ಪ್ರಶ್ನೆಗಳಲ್ಲಿ 25ಕ್ಕೆ 9, ಇಲ್ಲಿ ಅಂಕ ಹೆಚ್ಚಿದ್ದಷ್ಟೂ ಒಳ್ಳೆಯದು. ಹಿಮೋಗ್ಲೋಬಿನ್ 9.8, ಕಡಿಮೆ. ಏದುಸಿರಿಗೂ ಸುಸ್ತಿಗೂ ಅದರದ್ದೂ ಒಂದು ಪಾಲು ಇರುತ್ತದೆ, ಕಬ್ಬಿಣದ ಮಾತ್ರೆ ಶುರುವಾಯಿತು. ಥೈರಾಯ್ಡ್ ಸರಿ ಇತ್ತು.

ನಿಜವಾಗಿ ತೊಡಕಾಗಿದ್ದು ನಿದ್ದೆಯ ವಿಷಯ. ದಿನಾ ಮೂರೂವರೆ ನಾಲ್ಕಕ್ಕೆ ಎಚ್ಚರ. ಉಬ್ಬಸ ಜೋರಾಗುವುದೂ ಅದೇ ಹೊತ್ತಿಗೆ, ಏಕೆಂದರೆ ಆಗ ಶ್ವಾಸನಾಳ ದಿನದಲ್ಲೇ ಅತಿ ಹೆಚ್ಚು ಕಿರಿದಾಗಿರುತ್ತದೆ. ಖಿನ್ನತೆಯಲ್ಲಿ ನಿದ್ದೆ ಒಡೆದು ಮತ್ತೆ ಹತ್ತದಿರುವುದೂ ಅದೇ ಹೊತ್ತಿಗೆ. ಟೇಲರಕ್ಕ ಎದ್ದ ಕೂಡಲೇ ನೀಲಿ ಇನ್ಹೇಲರ್ ನಾಲ್ಕೈದು ಸಲ ಒತ್ತುತ್ತಿದ್ದರು. ಯಾವ ರಾತ್ರಿ ಎದೆ ಎಬ್ಬಿಸಿತು, ಯಾವ ರಾತ್ರಿ ಮನಸ್ಸು ಎಬ್ಬಿಸಿತು ಅನ್ನುವುದು ಅವರಿಗೂ ಗೊತ್ತಿರಲಿಲ್ಲ.

ಒಂದು ಪೀಕ್ ಫ್ಲೋ ಮೀಟರ್ ಕೊಟ್ಟೆ. ಪ್ಲಾಸ್ಟಿಕ್ ಕೊಳವೆ, ಜೋರಾಗಿ ಊದಿದರೆ ಮುಳ್ಳು ಮುಂದಕ್ಕೆ ಹೋಗುತ್ತದೆ, ಕರೆಂಟು ಬೇಡ. ಎಚ್ಚರವಾದಾಗ ಇನ್ಹೇಲರ್ ಮುಟ್ಟುವ ಮೊದಲು ಮೂರು ಸಲ ಊದಿ, ಹೆಚ್ಚಿನ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯಬೇಕು. ದಮ್ಮು ಜೋರಿದ್ದರೆ ಮಾತ್ರ ಊದುವ ಗೋಜಿಗೆ ಹೋಗದೆ ಔಷಧಿ ಮೊದಲು. ಅವರ ಅತ್ಯುತ್ತಮ ಅಂಕಿ 340.

ಎರಡು ವಾರದಲ್ಲಿ ಹನ್ನೊಂದು ರಾತ್ರಿ ಎಚ್ಚರವಾಗಿತ್ತು. ನಾಲ್ಕು ರಾತ್ರಿ ಅಂಕಿ 200ರಿಂದ 220, ಪಕ್ಕದಲ್ಲಿ ಮಗಳ ಕೈಬರಹದಲ್ಲಿ 'ಕೆಮ್ಮು', 'ಸುಂಯ್ ಸುಂಯ್'. ಉಳಿದ ಏಳು ರಾತ್ರಿ 300ರ ಮೇಲೆ. ಅವುಗಳ ಪಕ್ಕದಲ್ಲಿ ಒಂದು ಕಡೆ 'ಅಜ್ಜಿ ನೆನಪು', ಒಂದು ಕಡೆ 'ಸುಮ್ನೆ ಎಚ್ಚರ'.

ಇನ್ಹೇಲರ್ ಹನ್ನೊಂದು ರಾತ್ರಿಯೂ ಒತ್ತಿದ್ದರು. ಏಳು ರಾತ್ರಿ ಎದೆಗೆ ಅದು ಬೇಕಿರಲಿಲ್ಲ. ಬೇಡದ ಸಾಲ್ಬುಟಮಾಲ್ ಕೈ ನಡುಗಿಸುತ್ತದೆ, ಎದೆ ಡವಡವ ಅನಿಸುತ್ತದೆ. ಆ ಡವಡವಕ್ಕೆ ಹೆದರಿ ಉಸಿರು ಇನ್ನೂ ಮೇಲೆ ಮೇಲೆ ಆಗುತ್ತದೆ. ದಮ್ಮು ಬಂತೆಂದು ಮತ್ತೆರಡು ಪಫ್. ಟೆನ್ಷನ್ ಎಂದು ಮನೆಯವರು ನೋಡುತ್ತಿದ್ದದ್ದರಲ್ಲಿ ಒಂದಷ್ಟು ಭಾಗ ಈ ಔಷಧಿಯದ್ದೇ.

ಈ ಡವಡವಕ್ಕೆ ಒಂದು ಕ್ಲಿನಿಕ್‌ನಲ್ಲಿ ಮಾತ್ರೆ ಬರೆದುಕೊಟ್ಟಿದ್ದರು. ಚೀಟಿ ಬ್ಯಾಗಿನ ತಳದಲ್ಲೇ ಇತ್ತು. ಪ್ರೊಪ್ರನೊಲಾಲ್. ಆತಂಕದ ನಡುಕಕ್ಕೆ, ಮೈಗ್ರೇನ್ ತಲೆನೋವಿಗೆ ಕೊಡುವ ಹಳೆಯ ಮಾತ್ರೆ, ಉಬ್ಬಸ ಇಲ್ಲದವರಿಗೆ ಒಳ್ಳೆಯದೇ. ಆದರೆ ಸಾಲ್ಬುಟಮಾಲ್ ಯಾವ ಬೀಟಾ ಗ್ರಾಹಕಗಳನ್ನು ತಟ್ಟಿ ಶ್ವಾಸನಾಳ ಬಿಚ್ಚಿಸುತ್ತದೋ ಅವನ್ನೇ ಇದು ಮುಚ್ಚುತ್ತದೆ. ಉಬ್ಬಸದವರಿಗೆ ಕೊಡಲೇಬಾರದು. ತಾರೀಕು ಹೊಂದಿಸಿ ನೋಡಿದರೆ, ಮಾತ್ರೆ ಶುರುವಾದ ಮೂರನೇ ದಿನ ಎರಡನೇ ಎಮರ್ಜೆನ್ಸಿ. ಇನ್ಹೇಲರ್ ಎಷ್ಟು ಒತ್ತಿದರೂ ಕೇಳದಿದ್ದ ರಾತ್ರಿ ಅದು. ಮನೆಯವರ ನೆನಪಿನಲ್ಲಿ ಮಾತ್ರ ಆ ರಾತ್ರಿ 'ತಾಯಿಯ ವರ್ಷಾಬ್ದಿಕದ ಟೆನ್ಷನ್' ಎಂದೇ ಉಳಿದಿತ್ತು.

ರಾತ್ರಿ ಮಲಗುವಾಗ ಮಾಂಟೆಲುಕಾಸ್ಟ್ ಇರುವ ಅಲರ್ಜಿ ಮಾತ್ರೆಯನ್ನೂ ಎರಡು ವರ್ಷದಿಂದ ನುಂಗುತ್ತಿದ್ದರು. ನಮ್ಮಲ್ಲಿ ಶೀತಕ್ಕೂ ಕೊಡುವಷ್ಟು ಮಾಮೂಲಿ ಮಾತ್ರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಮಾರ್ಚ್‌ನಲ್ಲಿ ಇದರ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಕೆಟ್ಟ ಕನಸು, ನಿದ್ದೆಗೇಡು, ಖಿನ್ನತೆ, ಸಾಯುವ ಯೋಚನೆ ಕೆಲವರಲ್ಲಿ ಕಂಡಿವೆ. ಟೇಲರಕ್ಕನ ಬೇಜಾರಿಗೆ ಇದೇ ಕಾರಣ ಎನ್ನಲಾರೆ, ಆದರೆ ಇವರಿಗೆ ಇದು ಬೇಕಾಗಿಯೂ ಇರಲಿಲ್ಲ. ನಿಲ್ಲಿಸಿದೆವು.

ಸ್ಟೀರಾಯ್ಡ್‌ನಿಂದ ಬರುವ ಹುರುಪು

ಈ ಪ್ರಕರಣದ ಗಂಟು ಬಿಚ್ಚಿದ್ದು ಎರಡನೇ ಭೇಟಿಯಲ್ಲಿ. ಗಂಡ ಮಾತಿನ ನಡುವೆ ಅಂದರು: "ಎಮರ್ಜೆನ್ಸಿಗೆ ಹೋಗಿ ಬಂದ ವಾರ ಮಾತ್ರ ಇವಳು ಮೊದಲಿನಂಗೆ ಇರ್ತಾಳೆ ರೀ. ರಾತ್ರಿ ಎರಡು ಗಂಟೆಗೆ ಎದ್ದು ಮಷಿನ್ ತುಳೀತಾಳೆ."

ಟೇಲರಕ್ಕ ತಲೆ ತಗ್ಗಿಸಿದರು. ಆಮೇಲೆ ಹೇಳಿದರು. "ಆ ಬಿಳಿ ಗುಳಿಗೆ ತಗೊಂಡ್ರೆ ಮೈಗೆ ಜೀವ ಬಂದಂಗೆ ಆಗುತ್ತೆ ರೀ." ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಾವೇ ಮೂರು ಸಲ ತಂದಿದ್ದರು. ಆ ಮೂರು ಸಲ ದಮ್ಮು ಇರಲಿಲ್ಲ. ಹೊಲಿಗೆ ಮುಗಿಸಿ ಕೊಡಬೇಕಿತ್ತು, ಏಳಲು ಆಗುತ್ತಿರಲಿಲ್ಲ, ಅದಕ್ಕೆ.

ಆ ಬಿಳಿ ಗುಳಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಉಬ್ಬಸಕ್ಕೆ ಜೀವ ಉಳಿಸುವ ಔಷಧಿ. ಜೋರು ದಮ್ಮಿನಲ್ಲಿ ಅದನ್ನು ಕೊಡದಿರುವುದೇ ತಪ್ಪು. ಆದರೆ ಅದು ಮಿದುಳಿಗೂ ಹೋಗುತ್ತದೆ. ಕೆಲವರಿಗೆ ನಿದ್ದೆ ಬೇಡವಾಗುತ್ತದೆ, ಮಾತು ಜಾಸ್ತಿಯಾಗುತ್ತದೆ, ಇಲ್ಲದ ಹುರುಪು ಬರುತ್ತದೆ, ಸಿಟ್ಟೂ ಬರುತ್ತದೆ. 1972ರಲ್ಲಿ ಬಾಸ್ಟನ್‌ನ ಔಷಧಿ ನಿಗಾ ತಂಡ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿತ್ತು. ದಿನಕ್ಕೆ 40 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ ಗಂಭೀರ ಮಾನಸಿಕ ತೊಂದರೆ ಶೇ 1.3, 80 ದಾಟಿದವರಲ್ಲಿ ಶೇ 18.4. ಇದು ದೊಡ್ಡ ತೊಂದರೆಗಳ ಲೆಕ್ಕ. ನಿದ್ದೆ ಬಾರದಿರುವುದು, ಸಣ್ಣ ಹುರುಪು ಇವೆಲ್ಲ ಇದಕ್ಕಿಂತ ಎಷ್ಟೋ ಜಾಸ್ತಿ, ಯಾರೂ ಬರೆದುಕೊಳ್ಳುವುದಿಲ್ಲ ಅಷ್ಟೇ.

ಮಾತ್ರೆ ನಿಂತ ಮೇಲೆ ಮನಸ್ಸು ಮೊದಲಿಗಿಂತ ಕೆಳಗೆ. ಮೈಕೈ ನೋವು, ಯಾವುದೂ ಬೇಡ. ದಿನದ ಇನ್ಹೇಲರ್ ಮೂಲೆಗೆ. ಕೆಲವು ವಾರಕ್ಕೆ ಊತ ಏರಿ ಮತ್ತೆ ಎಮರ್ಜೆನ್ಸಿ, ಮತ್ತೆ ಮಾತ್ರೆ, ಮತ್ತೆ ಐದು ದಿನದ ಜೀವ. ವರ್ಷಕ್ಕೆ ನಾಲ್ಕು ಕೋರ್ಸ್ ಅಂದುಕೊಂಡಿದ್ದದ್ದು ಏಳು. ರಕ್ತದ ಸಕ್ಕರೆ ಮಧುಮೇಹದ ಗಡಿಗೆ ಬಂದು ನಿಂತಿತ್ತು. ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಾತ್ರೆಯಿಂದ ಮಲಗಿದೆಯೇ ಎಂದು ಬೆಳಗಿನ ಕಾರ್ಟಿಸಾಲ್ ನೋಡಿದೆವು, ಪುಣ್ಯಕ್ಕೆ ಸರಿ ಇತ್ತು.

ಈ ಹುರುಪು ಇನ್ನೊಂದು ಪ್ರಶ್ನೆ ಎಬ್ಬಿಸಿತು. ಇದು ಬರೀ ಖಿನ್ನತೆಯೋ, ಅಥವಾ ಏರಿಳಿತದ ಬೈಪೋಲಾರ್ ಕಾಯಿಲೆಯೋ? ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದದ ಕಡೆ ವಾಲಬಹುದು. ಹಾಗಾಗಿ ನಾನೇ ಮಾತ್ರೆ ಶುರು ಮಾಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಕಳಿಸಿದೆ, ತಾರೀಕುಗಳ ಪಟ್ಟಿಯ ಜೊತೆ. ಅವರು ತಾಳ್ಮೆಯಿಂದ ಕೇಳಿದರು. ಹುರುಪು ಬಂದದ್ದು ಸ್ಟೀರಾಯ್ಡ್ ದಿನಗಳಲ್ಲಿ ಮಾತ್ರ. ಹರೆಯದಲ್ಲಿ, ಹೆರಿಗೆಯ ನಂತರ, ಯಾವಾಗಲೂ ಅಂಥದ್ದು ಇರಲಿಲ್ಲ. ಮನೆತನದಲ್ಲೂ ಇಲ್ಲ. ಖಿನ್ನತೆ, ಅದರ ಮೇಲೆ ಸ್ಟೀರಾಯ್ಡಿನ ಪರಿಣಾಮ ಎಂದು ಬರೆದರು.

ಯಾವುದು ಮೊದಲು?

ಗಂಡ ಇದನ್ನು ಪ್ರತಿ ಸಲ ಕೇಳುತ್ತಿದ್ದರು. ಎಷ್ಟೋ ಸಂಶೋಧಕರೂ ಕೇಳಿದ್ದಾರೆ. 17 ದೇಶಗಳಲ್ಲಿ 85 ಸಾವಿರಕ್ಕೂ ಹೆಚ್ಚು ದೊಡ್ಡವರನ್ನು ಕೇಳಿದ ವಿಶ್ವ ಮಾನಸಿಕ ಆರೋಗ್ಯ ಸಮೀಕ್ಷೆಯ ಫಲಿತಾಂಶ 2007ರಲ್ಲಿ ಬಂತು. ಉಬ್ಬಸ ಇದ್ದವರಲ್ಲಿ ಖಿನ್ನತೆಯ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು. ಆತಂಕದ್ದೂ ಹೆಚ್ಚುಕಡಿಮೆ ಅಷ್ಟೇ. ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದ ಅಧ್ಯಯನಗಳಲ್ಲಿ ಖಿನ್ನತೆ ಮೊದಲಿದ್ದು ಉಬ್ಬಸ ಆಮೇಲೆ ಬಂದದ್ದೂ ಕಂಡಿದೆ. ಬೇಜಾರು ಉಬ್ಬಸದ ಬಾಲ ಮಾತ್ರ ಎನ್ನುವ ಹಾಗಿಲ್ಲ.

ದೇಹದೊಳಗೆ ದಾರಿಗಳಿವೆ. ಊತ ಉಂಟುಮಾಡುವ ಕೆಲವು ರಾಸಾಯನಿಕಗಳು ಉಬ್ಬಸದಲ್ಲೂ ಏರುತ್ತವೆ, ಖಿನ್ನತೆಯಲ್ಲೂ ಕೆಲವರಲ್ಲಿ ಏರುತ್ತವೆ. ದುಃಖ, ಗಾಬರಿ ಆದಾಗ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಮೂಲಕ ಶ್ವಾಸನಾಳ ಬಿಗಿಯಬಹುದು. ಬೇಜಾರಿನಲ್ಲಿದ್ದಾಗ ಅಷ್ಟೇ ಬಿಗಿತ ಇನ್ನೂ ಜಾಸ್ತಿ ಕಟ್ಟಿದಂತೆ ಅನಿಸುತ್ತದೆ. ಇದೆಲ್ಲ ನಿಜ. ಆದರೆ ಟೇಲರಕ್ಕನ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದ್ದು ಇಷ್ಟು ಸೂಕ್ಷ್ಮದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ. ಬಿಟ್ಟ ಇನ್ಹೇಲರ್, ಅತಿಯಾದ ನೀಲಿ ಡಬ್ಬಿ, ಕೊಡಬಾರದ ಮಾತ್ರೆ, ಹುರುಪಿಗೆ ನುಂಗಿದ ಸ್ಟೀರಾಯ್ಡ್. ಉಬ್ಬಸಕ್ಕೂ ಮನಸ್ಸಿಗೂ ನಂಟು ಅಂದಾಗ ನಾವು ನರ, ರಕ್ತ ಎಂದು ಹುಡುಕುತ್ತೇವೆ. ಇಲ್ಲಿ ನಂಟು ವೈರ್ ಬ್ಯಾಗಿನಲ್ಲೇ ಇತ್ತು.

ಖಿನ್ನತೆಗೆ ಔಷಧಿ ಕೊಟ್ಟರೆ ಉಬ್ಬಸ ಇಳಿಯುತ್ತದೆಯೇ? ಟೆಕ್ಸಾಸ್‌ನ ಮನೋವೈದ್ಯ ಶೆರ್‌ವುಡ್ ಬ್ರೌನ್ ಮತ್ತವರ ತಂಡ ಎರಡೂ ಇರುವವರಿಗೆ ಸಿಟಾಲೊಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು ನೋಡಿ 2005ರಲ್ಲಿ ಪ್ರಕಟಿಸಿತು. ಬೇಜಾರು ಇಳಿದದ್ದರಲ್ಲಿ ಔಷಧಿಯ ಗುಂಪಿಗೂ, ಔಷಧಿಯೇ ಇಲ್ಲದ ಸಕ್ಕರೆ ಗುಳಿಗೆಯ ಗುಂಪಿಗೂ ಭಾರಿ ವ್ಯತ್ಯಾಸ ಕಾಣಲಿಲ್ಲ. ಆದರೆ ಔಷಧಿ ತೆಗೆದುಕೊಂಡವರಿಗೆ ಸ್ಟೀರಾಯ್ಡ್ ಮಾತ್ರೆಯ ಅಗತ್ಯ ಕಡಿಮೆ ಬಿತ್ತು. ಯಾರ ಖಿನ್ನತೆ ಪೂರ್ತಿ ಇಳಿಯಿತೋ ಅವರ ಉಬ್ಬಸವೂ ಸುಧಾರಿಸಿತು. ಖಿನ್ನತೆಯ ಮಾತ್ರೆ ಉಬ್ಬಸದ ಔಷಧಿ ಎನ್ನಲು ಇಷ್ಟು ಸಾಲದು. ಟೇಲರಕ್ಕನಂಥವರಿಗೆ ಎರಡನ್ನೂ ಒಟ್ಟಿಗೆ ನೋಡಲು ಸಾಕು.

ಮಾಡಿದ್ದು, ಆಗಿದ್ದು

ನೀಲಿ ಡಬ್ಬಿ ನಿಂತಿತು. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಇನ್ಹೇಲರ್, ಬೆಳಗ್ಗೆ ರಾತ್ರಿ. ದಮ್ಮು ಬಂದರೂ ಅದೇ. ಪ್ರತಿ ಎಳೆತದಲ್ಲೂ ಊತದ ಔಷಧಿ ಒಳಗೆ ಹೋಗುತ್ತದೆ, ಬರೀ ಸಡಿಲ ಮಾಡಿ ಸುಮ್ಮನಾಗುವ ದಾರಿಯೇ ಇಲ್ಲ. ಎಳೆಯುವ ಕ್ರಮವೂ ತಪ್ಪಿತ್ತು. ಉಸಿರು ಎಳೆದುಕೊಂಡ ಮೇಲೆ ಒತ್ತುತ್ತಿದ್ದರು, ಔಷಧಿ ನಾಲಿಗೆಗೇ ಮುಗಿಯುತ್ತಿತ್ತು. ಇನ್ಹೇಲರ್‌ಗೆ ಸಿಕ್ಕಿಸುವ ಸ್ಪೇಸರ್ ಎಂಬ ಕೊಳವೆ ಕೊಟ್ಟೆವು. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕಲ್ಲ, ಅದಕ್ಕೆ ಬ್ರಷ್ ಇಡುವ ಲೋಟದಲ್ಲೇ ಇನ್ಹೇಲರ್‌ಗೂ ಜಾಗ ಮಾಡಿದರು. ಇದು ಮಗಳ ಐಡಿಯಾ.

ಮನೋವೈದ್ಯರು ಖಿನ್ನತೆಗೆ ಸರ್ಟ್ರಾಲಿನ್ ಮಾತ್ರೆ ಶುರು ಮಾಡಿದರು, ಮೊದಲ ವಾರ 25 ಮಿಲಿಗ್ರಾಂ, ಆಮೇಲೆ 50. ಈ ಗುಂಪಿನ ಮಾತ್ರೆಗಳು ಉಬ್ಬಸಕ್ಕೆ ಅಡ್ಡಿ ಮಾಡುವುದಿಲ್ಲ. ನಿದ್ದೆ ಮಾತ್ರೆ ಬೇಕೆಂದು ಟೇಲರಕ್ಕ ಕೇಳಿದರು. ಅದನ್ನು ಕೊಡಲಿಲ್ಲ, ಜೋರು ದಮ್ಮಿನ ಹೊತ್ತಿನಲ್ಲಿ ಅದು ಉಸಿರಾಟದ ಎಚ್ಚರವನ್ನೇ ಮಂಕು ಮಾಡಬಹುದು. ಆಪ್ತಸಮಾಲೋಚಕರು ಒಂದು ಸಣ್ಣ ಕೆಲಸ ಕೊಟ್ಟರು: ಮನಸ್ಸು ಇರಲಿ ಬಿಡಲಿ, ದಿನಕ್ಕೆ ಒಂದು ಬ್ಲೌಸ್ ಕತ್ತರಿಸುವುದು, ಹೊಲಿಯುವುದು ನಾಳೆ. ರಾತ್ರಿ ಹೊತ್ತು ಯೋಚನೆ ಕೆಟ್ಟದ್ದಕ್ಕೆ ಹೊರಳಿದರೆ ಟೆಲಿ ಮಾನಸ್‌ಗೆ ಫೋನ್ ಮಾಡಲು 14416 ಬರೆದು ಫೋನಿನ ಕವರಿಗೆ ಅಂಟಿಸಿದರು. ಹಗಲು ರಾತ್ರಿ ಸಿಗುವ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಗಂಡನಿಗೂ ಒಂದು ಕೆಲಸವಿತ್ತು. 'ಟೆನ್ಷನ್ ಮಾಡ್ಕೋಬೇಡ' ಎನ್ನುವುದನ್ನು ಬಿಟ್ಟು 'ಊದಿದ್ಯಾ, ಎಷ್ಟು ಬಂತು' ಎಂದು ಕೇಳುವುದು. ಇದು ಅವರಿಗೆ ಬಹಳ ಕಷ್ಟವಾಯಿತು ಎಂದು ಟೇಲರಕ್ಕ ನಗುತ್ತಾ ಹೇಳಿದರು. ಅವರು ನಕ್ಕದ್ದನ್ನು ನೋಡಿದ್ದು ಆಗಲೇ.

ಉಬ್ಬಸ ಬೇಗ ಹಿಡಿತಕ್ಕೆ ಬಂತು, ಒಂದು ತಿಂಗಳಲ್ಲಿ 9 ಇದ್ದದ್ದು 17. ಬೇಜಾರು ನಿಧಾನ. ಮೂರನೇ ವಾರದಲ್ಲಿ "ಏನೂ ಪ್ರಯೋಜನ ಇಲ್ಲ" ಎಂದು ಸರ್ಟ್ರಾಲಿನ್ ಬಿಡಲು ಹೊರಟಿದ್ದರು. ಆರನೇ ವಾರದ ಹೊತ್ತಿಗೆ ನಿದ್ದೆ ಐದೂವರೆವರೆಗೆ ಬಂತು. ನಾಲ್ಕನೇ ತಿಂಗಳಲ್ಲಿ ಖಿನ್ನತೆಯ ಅಂಕ 17ರಿಂದ 7ಕ್ಕೆ ಇಳಿದಿತ್ತು. ಉಬ್ಬಸದ್ದು 21.

ಐದನೇ ತಿಂಗಳಲ್ಲಿ ಮನೆಮಂದಿಗೆಲ್ಲ ನೆಗಡಿ ಜ್ವರ ಬಂತು, ಇವರಿಗೆ ದಮ್ಮು. ಊದಿದ ಅಂಕಿ 190. ಸ್ಟೀರಾಯ್ಡ್ ಬೇಕೇಬೇಕಿತ್ತು, ಕೊಟ್ಟೆವು. ಈ ಸಲ ಬೆಳಗ್ಗೆ ಒಂದೇ ಹೊತ್ತು, ಎಣಿಸಿದ ಐದು ದಿನದ ಮಾತ್ರೆ, ಸ್ಟ್ರಿಪ್ ಗಂಡನ ಕೈಯಲ್ಲಿ. ಹುರುಪು ಬರುತ್ತದೆ, ಅದು ಮಾತ್ರೆಯದ್ದು, ನಿಂತ ಮೇಲೆ ನಾಲ್ಕು ದಿನ ಕುಸಿತ ಇರುತ್ತದೆ, ಅದೂ ಮಾತ್ರೆಯದ್ದೇ ಎಂದು ಮೊದಲೇ ಹೇಳಿದ್ದೆವು. ಏಳನೇ ದಿನ ಮನೋವೈದ್ಯರ ಕಡೆಯಿಂದ ಫೋನ್ ಹೋಯಿತು. ಬೇಜಾರು ಬಂದಿತ್ತು, ಇನ್ಹೇಲರ್ ಮಾತ್ರ ಬಿಟ್ಟಿರಲಿಲ್ಲ. ಎಮರ್ಜೆನ್ಸಿಗೆ ಹೋಗಬೇಕಾಗಲಿಲ್ಲ.

ಈಗ ಅವರ ಫೈಲಿನ ಹೊರಗೆ ಕೆಂಪು ಇಂಕಿನಲ್ಲಿ ಮೂರು ಸಾಲು ಇವೆ: ಪ್ರೊಪ್ರನೊಲಾಲ್ ಕೊಡಬಾರದು, ಮಾಂಟೆಲುಕಾಸ್ಟ್ ಬೇಡ, ಸ್ಟೀರಾಯ್ಡ್ ಕೊಟ್ಟರೆ ಮನೋವೈದ್ಯರಿಗೆ ತಿಳಿಸಿ. ಯಾವ ಕ್ಲಿನಿಕ್ಕಿಗೆ ಹೋದರೂ ಫೈಲ್ ಜೊತೆಗಿರಬೇಕು. ಹುಷಾರಾದಳಲ್ಲ, ಮನಸ್ಸಿನ ಮಾತ್ರೆ ನಿಲ್ಲಿಸಬಹುದಲ್ವಾ ಎಂದು ಗಂಡ ಕೇಳುತ್ತಲೇ ಇದ್ದಾರೆ. ಪೂರ್ತಿ ಚೆನ್ನಾಗಿ ಆದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ಆಮೇಲೆ ನಿಧಾನವಾಗಿ ಇಳಿಸುವುದು, ಅದೂ ಚಳಿಗಾಲದಲ್ಲಿ ಬೇಡ ಎಂದು ಮನೋವೈದ್ಯರೂ ನಾನೂ ಒಟ್ಟಿಗೆ ಹೇಳಿದ್ದೇವೆ. ಭಟ್ಟಿಯ ಹೊಗೆಗೆ ನಮ್ಮಿಬ್ಬರ ಬಳಿಯೂ ಔಷಧಿ ಇಲ್ಲ. ಮನೆ ಬದಲಿಸಿ ಎಂದರೆ, ಗಿರಾಕಿಗಳೆಲ್ಲ ಇದೇ ಓಣಿಯವರು ಅನ್ನುತ್ತಾರೆ ಟೇಲರಕ್ಕ. ಸದ್ಯಕ್ಕೆ ಹೊಲಿಗೆ ಮಷಿನ್ ಬೀದಿ ಕಿಟಕಿಯಿಂದ ಹಿಂದಿನ ಕೋಣೆಗೆ ಹೋಗಿದೆ, ಸಂಜೆ ಹೊತ್ತು ಮುಂದಿನ ಕಿಟಕಿ ಮುಚ್ಚುತ್ತಾರೆ.